ಬಾಡಿಗೆ ಇಳಿಸಿ, ಆರೈಕೆ ಇಳಿಸಬೇಡಿ: ಚಳಿಗಾಲದಲ್ಲಿ ನಿವೃತ್ತರನ್ನು ಬರಮಾಡಿಕೊಳ್ಳುವ ಕಡಲತೀರದ ರೆಸಾರ್ಟ್‌ಗಳಿಗೆ ಬಹಿರಂಗ ಪತ್ರ

ಚಳಿಗಾಲದಲ್ಲಿ ಥಂಡಿ ಕೊರೆಯುವ ಸೀಮೆಯ ಕಡಲತೀರದಲ್ಲಿ ರೆಸಾರ್ಟ್ ನಡೆಸುತ್ತಿರುವ ಮಾಲೀಕರಿಗೂ ಮ್ಯಾನೇಜರುಗಳಿಗೂ, ನಿವೃತ್ತರ ಸಮ್ಮಿಲನ ಏರ್ಪಡಿಸುವ ಸಂಘಗಳ ಪದಾಧಿಕಾರಿಗಳಿಗೂ,

ಮಾನ್ಯರೇ,

ಒಂದೇ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಮೂವತ್ತು ವರ್ಷ ಜೊತೆಗೆ ದುಡಿದವರು ನಿವೃತ್ತರಾದ ಮೇಲೆ ಎರಡು ಮೂರು ದಿನ ಎಲ್ಲಾದರೂ ಒಟ್ಟಿಗೆ ಇದ್ದು ಬರೋಣ ಎಂದು ಹೊರಟರೆ, ಅವರ ಕಣ್ಣು ಬಹಳ ಸಲ ಬೀಳುವುದು ಚಳಿಗಾಲದ ಕಡಲತೀರದ ಮೇಲೆ. ಆಗ ಜನಜಂಗುಳಿ ಇರುವುದಿಲ್ಲ, ಬಾಡಿಗೆ ಕಡಿಮೆ, ಐವತ್ತು ಜನಕ್ಕೂ ಒಂದೇ ಕಡೆ ಕೋಣೆ ಸಿಗುತ್ತದೆ. ನಿಮಗೂ ಖಾಲಿ ಬಿದ್ದ ಕೋಣೆಗಳು ತುಂಬುತ್ತವೆ. ಇಬ್ಬರಿಗೂ ಅನುಕೂಲವಾದ ಈ ಏರ್ಪಾಟು ಕೆಡುವುದು ಒಂದೇ ಕಾರಣಕ್ಕೆ. ನಿಮ್ಮ ಕಟ್ಟಡ, ನೀರಿನ ಪೈಪು, ಕುರ್ಚಿ, ಕಾಲುದಾರಿ ಎಲ್ಲವೂ ಬೇಸಿಗೆಯಲ್ಲಿ ಬರುವ ಗಟ್ಟಿಮುಟ್ಟಾದ ಅತಿಥಿಗಾಗಿ ಆದವು. ಎಪ್ಪತ್ತು ದಾಟಿದವರು ಥಂಡಿಯಲ್ಲಿ ಬಂದಾಗ ಅದೇ ವ್ಯವಸ್ಥೆ ಸಾಕು ಅಂದುಕೊಳ್ಳುತ್ತೀರಿ. ಸಾಲದು. ಸೀಸನ್ ಅಲ್ಲವೆಂದು ಬಾಡಿಗೆ ಇಳಿಸಿದ್ದೀರಿ, ಬಹಳ ಸಂತೋಷ. ಅದರ ಜೊತೆಗೆ ಸಿಬ್ಬಂದಿಯನ್ನೂ ಬಿಸಿನೀರನ್ನೂ ಒಣ ಹೊದಿಕೆಯನ್ನೂ ಇಳಿಸಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಮೊದಲು ಚಳಿಯ ಮಾತು. ವಯಸ್ಸಾದಂತೆ ಮೈಯಲ್ಲಿ ಮಾಂಸಖಂಡ ಕರಗುತ್ತದೆ, ನಡುಕ ಹುಟ್ಟಿಸಿ ಶಾಖ ಮಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ, ಚರ್ಮದ ರಕ್ತನಾಳಗಳು ಬೇಗ ಬಿಗಿದುಕೊಳ್ಳುವುದಿಲ್ಲ. ಇವೆಲ್ಲಕ್ಕಿಂತ ಮೋಸದ ಸಂಗತಿ, ಚಳಿಯಾಗುತ್ತಿದೆ ಎಂಬ ಅರಿವೇ ತಡವಾಗಿ ಬರುತ್ತದೆ. ಆದ್ದರಿಂದ ‘ಚಳಿ ಆಗ್ತಿದೆಯಾ?’ ಎಂದು ಕೇಳಿ, ‘ಇಲ್ಲಪ್ಪ, ಆರಾಮಾಗಿದ್ದೀನಿ’ ಎಂಬ ಉತ್ತರ ಕೇಳಿ ಸುಮ್ಮನಾಗಬೇಡಿ. ಕೋಣೆಯ ಥರ್ಮಾಮೀಟರ್ ನೋಡಿ. ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣತೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು, ವಯಸ್ಸಾದವರಿಗೂ ದೀರ್ಘ ಕಾಯಿಲೆಯವರಿಗೂ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ಪ್ರತಿ ಕೋಣೆಯಲ್ಲಿ ಒಂದು ಸಾದಾ ಥರ್ಮಾಮೀಟರನ್ನು ಮಂಚದ ಎತ್ತರಕ್ಕೆ, ಹೀಟರಿನಿಂದ ದೂರದ ಗೋಡೆಗೆ ತೂಗುಹಾಕಿ. ಅದು 20ರ ಆಸುಪಾಸು ತೋರಿಸಿದರೆ ನಿಶ್ಚಿಂತೆ.

ಅಲ್ಲೂ ಒಂದು ಎಚ್ಚರ ಬೇಕು. ಅತಿಥಿ ಬಾಗಿಲಿಗೆ ಬಂದ ಮೇಲೆ ಹೀಟರ್ ಹಾಕಿದರೆ ಗಂಟೆಯೊಳಗೆ ಗಾಳಿ ಬೆಚ್ಚಗಾಗುತ್ತದೆ; ಗೋಡೆ, ನೆಲ, ಹಾಸಿಗೆ ಆಗುವುದಿಲ್ಲ. ತಣ್ಣನೆಯ ಗೋಡೆಯ ಪಕ್ಕ ಮಲಗಿದವರ ಮೈಶಾಖವನ್ನು ಆ ಗೋಡೆ ಎಳೆದುಕೊಳ್ಳುತ್ತಲೇ ಇರುತ್ತದೆ. ಥರ್ಮಾಮೀಟರ್ 20 ಎನ್ನುತ್ತದೆ, ಅತಿಥಿ ರಾತ್ರಿಯಿಡೀ ಮುದುಡಿಕೊಂಡಿರುತ್ತಾರೆ. ವಾರಗಟ್ಟಲೆ ಮುಚ್ಚಿದ್ದ ಕೋಣೆಗೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ಮುಂಚಿತವಾಗಿ ಶಾಖ ಕೊಡಬೇಕು. ಮಂಚವನ್ನು ಹೊರಗೋಡೆಯಿಂದ ಒಂದಡಿ ಈಚೆಗೆ ಎಳೆದಿಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ.

ಹೀಟರ್ ಲೆಕ್ಕವನ್ನು ದಯವಿಟ್ಟು ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಕೂತು ಮಾಡಿ. 2,000 ವಾಟ್‌ನ ಒಂದು ಹೀಟರ್ 230 ವೋಲ್ಟ್ ಲೈನಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇಪ್ಪತ್ತು ಕೋಣೆಗೆ 40 ಕಿಲೋವಾಟ್. ಬೆಳಗ್ಗೆ ಆರೂವರೆಗೆ ಎಲ್ಲರೂ ಒಟ್ಟಿಗೆ ಗೀಸರ್ ಹಾಕುತ್ತಾರೆ, ಅಡುಗೆಮನೆಯೂ ಅದೇ ಹೊತ್ತಿಗೆ ಶುರುವಾಗುತ್ತದೆ, ಮೇನ್ ಟ್ರಿಪ್ ಆಗುತ್ತದೆ. ಅತಿಥಿಗಳು ಬರುವ ಹಿಂದಿನ ಸಂಜೆ ಎಲ್ಲ ಹೀಟರ್, ಎಲ್ಲ ಗೀಸರ್ ಒಟ್ಟಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿ. ಪ್ಲಗ್ಗನ್ನು ಮುಟ್ಟಿದರೆ ಬಿಸಿ ಎನಿಸುವ ಸಾಕೆಟ್ಟನ್ನು ಅಂದೇ ಬದಲಿಸಿ. ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ, ಬಿಸಿಗೆ ಅದೇ ಕಾರಣ. ಕೆಂಪಗೆ ಕಾಯುವ ಕಡ್ಡಿಯ ಹೀಟರಿಗಿಂತ ಎಣ್ಣೆ ತುಂಬಿದ ರೇಡಿಯೇಟರ್ ಮಾದರಿ ಮೇಲು. ಯಾವುದೇ ಆಗಲಿ, ಪರದೆಯಿಂದಲೂ ಹೊದಿಕೆಯಿಂದಲೂ ಒಂದು ಮೀಟರ್ ದೂರವಿರಲಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಹೀಟರ್ ಹಾಕಬೇಡಿ, ಸುರುಳಿಯೊಳಗಿನ ಶಾಖ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ.

ಕರೆಂಟು ಹೋಯಿತೆಂದು ಇದ್ದಿಲ ಒಲೆಯನ್ನೋ ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರನ್ನೋ ಕೋಣೆಯೊಳಗೆ ತರುವ ಕೆಲಸ ಯಾವ ಕಾರಣಕ್ಕೂ ಆಗಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಮೊದಲ ಲಕ್ಷಣ ತಲೆನೋವು, ವಾಕರಿಕೆ, ಸುಸ್ತು. ಪ್ರಯಾಣದ ಆಯಾಸವೆಂದು ಹಿರಿಯರು ಅದನ್ನು ತಳ್ಳಿಹಾಕಿ ಮಲಗಿಬಿಡುತ್ತಾರೆ. ಒಂದೇ ಕೋಣೆಯ ಇಬ್ಬರಿಗೂ ಒಟ್ಟಿಗೆ ತಲೆನೋವು ಎಂದರೆ ಮೊದಲು ಅವರನ್ನು ಹೊರಗೆ ಕರೆತನ್ನಿ, ಆಮೇಲೆ ಕಾರಣ ಹುಡುಕಿ.

ಇನ್ನು ಹಾಸಿಗೆ. ಸಮುದ್ರದ ಗಾಳಿಯಲ್ಲಿ ಹಾರಿಬರುವ ಉಪ್ಪು ಪರದೆ, ದಿಂಬು, ಕಂಬಳಿಗಳ ಮೇಲೆ ಕೂರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ನೀರು ಕುಡಿದು ಕರಗತೊಡಗುತ್ತದೆ. ಚಳಿಗಾಲದ ತೀರದಲ್ಲಿ ಅಷ್ಟು ತೇವ ದಿನವೂ ಇರುವಂಥದ್ದೇ. ಹಾಗಾಗಿ ಕಪಾಟಿನಲ್ಲಿ ಮಡಿಸಿಟ್ಟ ರಗ್ಗು ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ಜಿನುಗು ಇರುತ್ತದೆ. ಬರಿಯ ಬಿಸಿಲಿಗೆ ಹಾಕಿದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ, ಸಂಜೆಗೆ ಮತ್ತೆ ತೇವ. ಸಿಹಿನೀರಿನಲ್ಲಿ ಒಗೆದು, ಕಡಲ ಗಾಳಿಗೆ ಒಡ್ಡದೆ ಡ್ರೈಯರಿನಲ್ಲೋ ಬೆಚ್ಚನೆಯ ಕೋಣೆಯಲ್ಲೋ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಪರೀಕ್ಷೆ ಸುಲಭ: ಬಿಸಿನೀರಿನ ಚೀಲ ಇಟ್ಟು ಹಾಸಿಗೆ ಬೆಚ್ಚಗೆ ಮಾಡಿ, ಚೀಲ ತೆಗೆದು, ಹೊದಿಕೆಗಳ ನಡುವೆ ಅಂಗೈಯಗಲದ ಕನ್ನಡಿ ಸೇರಿಸಿ ಒಂದೆರಡು ನಿಮಿಷ ಬಿಡಿ. ಹೊರತೆಗೆದಾಗ ಕನ್ನಡಿ ಮಂಜಾಗಿದ್ದರೆ ಆ ಹಾಸಿಗೆ ಇನ್ನೂ ಹಸಿ. ಅಂದಹಾಗೆ ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಬೇಡ. ಮೂರರಲ್ಲಿ ಎರಡು ಪಾಲು ತುಂಬಿಸಿ, ಗಾಳಿ ಹಿಂಡಿ, ಬಟ್ಟೆಯ ಕವಚ ಹಾಕಿ ಕೊಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟದ್ದು ಬೆಳಗ್ಗೆ ಬೊಬ್ಬೆ ನೋಡಿದಾಗಲೇ ಗೊತ್ತಾಗುವುದು. ಅಂಥವರ ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿ, ಅವರು ಮಲಗುವ ಮುಂಚೆ ಚೀಲ ತೆಗೆದುಬಿಡಿ.

ನಾವು ಅತ್ಯಂತ ಒತ್ತಿ ಹೇಳಬೇಕಾದ ವಿಷಯ ನೀರು. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಹಳೆಯ ಗೆಳೆಯರು ಸೇರಿ, ಮಾತಾಡಿ, ಮನೆಗೆ ಮರಳಿದ ಮೇಲೆ ಒಬ್ಬೊಬ್ಬರಾಗಿ ನ್ಯುಮೋನಿಯಾಕ್ಕೆ ಬಿದ್ದರು. ಹೋಟೆಲಿನ ಆಸುಪಾಸಿನಲ್ಲಿದ್ದ ಇತರರೂ ಸೇರಿ ಆ ಕಾಯಿಲೆಗೆ 34 ಜನ ಬಲಿಯಾದರು. 1977ರ ಜನವರಿಯಲ್ಲಿ ಪತ್ತೆಯಾದ ಆ ಬ್ಯಾಕ್ಟೀರಿಯಾಕ್ಕೆ ಲೀಜಿಯೊನೆಲ್ಲಾ ಎಂಬ ಹೆಸರು ಬಂದದ್ದೇ ಆ ಸಂಘದವರಿಂದ. ಅಂದು ಅದು ಹರಡಿದ್ದು ಹವಾನಿಯಂತ್ರಣದ ಮೂಲಕ ಎಂದು ಭಾವಿಸಲಾಗಿದೆ. ನಿಮ್ಮಲ್ಲಿ ಅದಕ್ಕೆ ಬೇರೆ ದಾರಿಯಿದೆ: ವಾರಗಟ್ಟಲೆ ಯಾರೂ ತಿರುಗಿಸದ ನಲ್ಲಿ. ನಿಂತ ನೀರು 20ರಿಂದ 45 ಡಿಗ್ರಿಯ ನಡುವೆ ಇದ್ದರೆ ಅದು ಬೆಳೆಯುತ್ತದೆ. ನೀರು ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಶವರಿನ ಸಣ್ಣ ಹನಿಗಳನ್ನು ಉಸಿರಿನಲ್ಲಿ ಒಳಗೆ ಎಳೆದುಕೊಂಡರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಐವತ್ತು ದಾಟಿದವರು, ಧೂಮಪಾನಿಗಳು, ಶ್ವಾಸಕೋಶದ ಕಾಯಿಲೆಯವರು ಇದಕ್ಕೆ ಸುಲಭದ ತುತ್ತು. ನಿಮ್ಮ ಅತಿಥಿಗಳ ಪಟ್ಟಿ ಒಮ್ಮೆ ನೋಡಿ.

ಆದ್ದರಿಂದ ಹೀಗೆ ಮಾಡಿ. ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಗೆ ಏರಿಸಿ. ಎಲ್ಲಕ್ಕಿಂತ ದೂರದ ಕೋಣೆಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ, ಒಂದು ನಿಮಿಷದೊಳಗೆ ಥರ್ಮಾಮೀಟರ್ 50 ಡಿಗ್ರಿ ತೋರಿಸಬೇಕು. ತೋರಿಸದಿದ್ದರೆ ಪೈಪಿನ ನಡುವೆ ಎಲ್ಲೋ ನೀರು ಉಗುರುಬೆಚ್ಚಗೆ ನಿಲ್ಲುತ್ತಿದೆ ಎಂದರ್ಥ. ಶವರಿನ ತಲೆ ಬಿಚ್ಚಿ, ಸುಣ್ಣದ ಪದರ ಹೋಗುವವರೆಗೆ ವಿನೆಗರಿನಲ್ಲಿ ನೆನೆಹಾಕಿ ತಿಕ್ಕಿ. ಕೋಣೆ ಖಾಲಿಯಿದ್ದರೂ ವಾರಕ್ಕೊಮ್ಮೆ, ಅತಿಥಿಗಳು ಬರುವ ಮುನ್ನಾದಿನ ಮತ್ತೊಮ್ಮೆ, ಪ್ರತಿ ನಲ್ಲಿಯನ್ನೂ ಶವರನ್ನೂ ಕೆಲವು ನಿಮಿಷ ಹರಿಯಬಿಡಿ. ಈ ಕೆಲಸ ಮಾಡುವ ಹುಡುಗ ಆ ಹನಿಗಳನ್ನು ಉಸಿರಾಡಬಾರದು. ಶವರಿನ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಚೀಲದ ಒಂದು ಮೂಲೆ ಕತ್ತರಿಸಿದರೆ ನೀರು ಧಾರೆಯಾಗಿ ಇಳಿಯುತ್ತದೆ, ಸಿಡಿಯುವುದಿಲ್ಲ. ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿ (ಜಕೂಜಿ) ಇದ್ದು, ಅದರಲ್ಲಿ ದಿನವೂ ಕ್ಲೋರಿನ್ ಅಳೆಯುವ ಜನ ಈ ತಿಂಗಳು ಇಲ್ಲವಾದರೆ ಅದನ್ನು ಬರಿದುಮಾಡಿ ಮುಚ್ಚಿಬಿಡಿ.

60 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಟ್ಯಾಂಕ್ ತಣ್ಣಗೆ ಮಾಡುವುದು ಇದಕ್ಕೆ ಪರಿಹಾರವಲ್ಲ, ನಲ್ಲಿಯ ಹತ್ತಿರ ಮಿಶ್ರಣದ ವಾಲ್ವ್ ಹಾಕಿಸಿ ಸ್ನಾನದ ನೀರನ್ನು 43 ಡಿಗ್ರಿ ಮೀರದಂತೆ ಕಟ್ಟುವುದು ಪರಿಹಾರ. ವಾಲ್ವ್ ಇಲ್ಲದ ಬಚ್ಚಲಿನಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಅಂಟಿಸಿ. ಬಚ್ಚಲಿನ ಹಿಡಿಕಂಬಿಯನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ. ರಬ್ಬರಿನಿಂದ ಕಚ್ಚಿಕೊಳ್ಳುವ ಜಾತಿಯದು ತೇವಕ್ಕೆ ಕಿತ್ತು ಕೈಗೆ ಬರುತ್ತದೆ. ಟವೆಲ್ ಕಂಬಿಯನ್ನು ಹಿಡಿದು ಏಳುವವರು ಇದ್ದೇ ಇರುತ್ತಾರೆ, ಅದು ಭಾರ ತಡೆಯದು. ಒಂದು ಸ್ಟೂಲು, ಜಾರದ ಮ್ಯಾಟು, ಇಷ್ಟಿದ್ದರೆ ಸಾಕು. ಚಳಿಯಲ್ಲಿ ಮೂತ್ರ ಹೆಚ್ಚು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ರಾತ್ರಿ ಎರಡು ಮೂರು ಸಲ ಏಳುವವರಿಗೆ ಮಂಚದಿಂದ ಬಚ್ಚಲವರೆಗೆ ನೆಲದ ಹತ್ತಿರ ಸಣ್ಣ ದೀಪ ಬೇಕು, ಬಚ್ಚಲೂ ಬೆಚ್ಚಗಿರಬೇಕು. ಬೆಚ್ಚನೆಯ ಹೊದಿಕೆಯಿಂದ ಎದ್ದು ಮಂಜಿನಂಥ ಟೈಲ್ಸ್ ಮೇಲೆ ಬರಿಗಾಲಿಟ್ಟಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ.

ಕಡಲ ಕಡೆಗೆ ಬರೋಣ. ಈ ವಯಸ್ಸಿನಲ್ಲಿ ಚಳಿಗಾಲದ ಕಡಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ನೀರಿಗಿಳಿಯುವ ಆಸೆಯಿಲ್ಲ. ಹಳೆಯ ಸ್ನೇಹಿತರ ಪಕ್ಕದಲ್ಲಿ ಕೂತು ಅಲೆ ನೋಡಬೇಕು, ಅಷ್ಟೇ. ಆದರೆ ಅಂಥ ಜಾಗವೇ ಬಹಳ ರೆಸಾರ್ಟ್‌ಗಳಲ್ಲಿ ಇರುವುದಿಲ್ಲ! ಕಡಲು ಕಾಣುವ ಕಡೆಯೆಲ್ಲ ತೆರೆದ ಜಗಲಿ, ಬೆಚ್ಚಗಿರುವ ಕಡೆಯೆಲ್ಲ ಗೋಡೆ. ಒಂದೇ ಒಂದು ವರಾಂಡಕ್ಕೆ ಗಾಜು ಹಾಕಿಸಿ, ಅಲ್ಲಿ ಹೀಟರ್ ಇಡಿ, ವಾರಕ್ಕೆರಡು ಸಲ ಗಾಜಿನ ಉಪ್ಪುಕಲೆಯನ್ನು ಸಿಹಿನೀರಿನಿಂದ ತೊಳೆಸಿ. ಕುರ್ಚಿಗಳಿಗೆ ಕೈ ಇರಬೇಕು, ಕೂರುವ ಎತ್ತರ 45 ಸೆಂಟಿಮೀಟರ್ ಸುಮಾರು ಇರಬೇಕು. ಬೇಸಿಗೆಯ ಒರಗುಕುರ್ಚಿಯಲ್ಲಿ ಕೂತರೆ ಮಂಡಿನೋವಿನವರಿಗೆ ಏಳುವುದಕ್ಕೆ ಇಬ್ಬರ ಕೈ ಬೇಕು, ಅದಕ್ಕೇ ನಾಚಿಕೊಂಡು ಅವರು ಅಲ್ಲಿಗೆ ಬರುವುದೇ ಇಲ್ಲ. ಸಮ್ಮಿಲನದ ನಿಜವಾದ ಹೊತ್ತೆಲ್ಲ ಕಳೆಯುವುದು ಈ ವರಾಂಡದಲ್ಲಿ. ಸಭಾಂಗಣದ ಹೂವಿನ ಅಲಂಕಾರಕ್ಕೆ ಖರ್ಚು ಮಾಡುವ ಬದಲು ಇದಕ್ಕೆ ಮಾಡಿ.

ಮರಳಿನ ಮೇಲೆ ಓಡಾಡುವ ಆಸೆಯಿರುವವರಿಗೆ ಹೊತ್ತು ನೋಡಿಕೊಡಬೇಕು. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆ ಡಿಗ್ರಿಯಂತೆ. ನೆನೆದ ಬಟ್ಟೆಯಾದರೆ ಇನ್ನೂ ಕಷ್ಟ. ಹನ್ನೊಂದರಿಂದ ಮೂರರೊಳಗೆ ಬಿಸಿಲಿನ ಹೊತ್ತು ಒಳ್ಳೆಯದು. ಹೋಗುವಾಗ ಗಾಳಿಗೆ ಎದುರಾಗಿ ನಡೆಯಿರಿ, ಬರುವಾಗ ಗಾಳಿ ಬೆನ್ನಿಗಿರಲಿ. ತಿರುಗುಮುರುಗಾದರೆ ಬೆವರಿದ ಮೈಗೆ, ದಣಿದ ಕಾಲಿಗೆ, ಎದುರುಗಾಳಿ ಸಿಗುತ್ತದೆ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ಇವತ್ತಿನ ಹೊತ್ತಿಗೆ ನಾಳೆ ಸುಮಾರು 50 ನಿಮಿಷ ಸೇರಿಸಬೇಕು. ಸ್ಥಳೀಯ ಉಬ್ಬರದ ಪಟ್ಟಿಯನ್ನು ರಿಸೆಪ್ಷನ್ ಬೋರ್ಡಿನಲ್ಲಿ ಬರೆದಿಡಿ. ನೀರು ಇಳಿಯುತ್ತಿರುವಾಗ ಬಿಟ್ಟುಹೋದ ಗಟ್ಟಿ ಮರಳು ಊರುಗೋಲಿಗೆ ಒಳ್ಳೆಯ ನೆಲ. ಊರುಗೋಲಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಪಾಚಿಗಟ್ಟಿದ ಮರದ ದಾರಿಯಲ್ಲಿ ಅದು ಸ್ಕೇಟಿನಂತೆ ಜಾರುತ್ತದೆ. ನಾಲ್ಕು ಅಳತೆಯ ಬುಷ್‌ಗಳನ್ನು ರಿಸೆಪ್ಷನ್ನಿನಲ್ಲಿ ಇಟ್ಟುಕೊಂಡರೆ ಒಂದು ಸೊಂಟದ ಮೂಳೆ ಉಳಿಯಬಹುದು.

ಎಲ್ಲರ ಗ್ರೂಪ್ ಫೋಟೋ ಇದೆಯಲ್ಲ, ಅದರ ಬಗ್ಗೆ ಒಂದು ಮಾತು. ಹಿನ್ನೆಲೆಗೆ ಕಡಲು ಬೇಕೆಂದು ನಲವತ್ತು ಹಿರಿಯರನ್ನು ನೀರಿಗೆ ಬೆನ್ನು ಹಾಕಿ ನಿಲ್ಲಿಸುತ್ತಾರೆ. ಚಳಿಗಾಲದ ಕಡಲಿನಲ್ಲಿ ಹತ್ತು ಸಣ್ಣ ಅಲೆಯ ನಡುವೆ ಒಂದು ದೊಡ್ಡದು ಬಂದು ತೀರದ ಮೇಲಕ್ಕೆ ಏರುವುದುಂಟು, ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವುದುಂಟು. ಒಣ ಮರಳಿನ ಮೇಲೆ, ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆಗಿಂತ ಮೇಲೆ ಸಾಲು ನಿಲ್ಲಿಸಿ. ಒಬ್ಬರು ಫೋಟೋಗೆ ನಿಲ್ಲದೆ ಕಡಲನ್ನೇ ನೋಡುತ್ತಿರಲಿ. ಯಾರಾದರೂ ಹುರುಪಿಗೆ ನೀರಿಗೆ ಇಳಿಯುತ್ತೇನೆಂದರೆ ತಡೆಯಿರಿ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದ ಮೈ ತಾನಾಗಿ ಏದುಸಿರು ಎಳೆಯುತ್ತದೆ, ನಾಡಿ ಹಾರುತ್ತದೆ, ಮೊದಲ ಒಂದೆರಡು ನಿಮಿಷ ಉಸಿರಿನ ಮೇಲೆ ಹಿಡಿತವಿರುವುದಿಲ್ಲ. ಹೃದಯದ ತೊಂದರೆಯವರಿಗೆ ಆ ಒಂದೆರಡು ನಿಮಿಷವೇ ಅಪಾಯ.

ಸಂಘದ ಪದಾಧಿಕಾರಿಗಳೇ, ನಿಮ್ಮ ಅರ್ಜಿಯಲ್ಲಿ ‘ಆರೋಗ್ಯ ಹೇಗಿದೆ?’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎಂದೇ ಬರೆಯುತ್ತಾರೆ. ನಿಲ್ಲದೆ ನೂರು ಮೀಟರ್ ನಡೆಯಬಲ್ಲಿರಾ, ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ರಾತ್ರಿ ಉಸಿರಾಟದ ಯಂತ್ರ ಹಾಕಿಕೊಳ್ಳುತ್ತೀರಾ, ಯಾರ ಜೊತೆ ಕೋಣೆ ಹಂಚಿಕೊಳ್ಳಲು ಇಷ್ಟ ಎಂದು ಕೇಳಿ. ಉಸಿರಾಟದ ಯಂತ್ರದವರಿಗೆ ತಲೆಯ ಹತ್ತಿರವೇ ಪ್ಲಗ್ ಬೇಕು. ಎದೆಯ ಮೇಲೆ ತೂಗುವ ಹೆಸರಿನ ಚೀಟಿಯಲ್ಲಿ ಹೆಸರು ಎರಡು ಮೀಟರ್ ದೂರಕ್ಕೆ ಕಾಣುವಷ್ಟು ದೊಡ್ಡದಾಗಿರಲಿ, ಕೆಳಗೆ ದುಡಿದ ವಿಭಾಗವನ್ನೂ ಬರೆಯಿರಿ. ಇಪ್ಪತ್ತು ವರ್ಷದ ನಂತರ ಮುಖ ಮರೆತರೂ ವಿಭಾಗದ ಹೆಸರು ನೋಡಿದೊಡನೆ ನೆನಪು ಹೊರಳುತ್ತದೆ. ಬಸ್ಸಿನಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಲ್ಲರನ್ನೂ ಇಳಿಸಿ. ನಾಲ್ಕು ಗಂಟೆ ಮೀರಿ ಕಾಲು ಮಡಿಸಿ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು.

ಸಲಕರಣೆಗಳೂ ಚಳಿಗೆ ಕೈಕೊಡುತ್ತವೆ. ಉಬ್ಬಸದ ಪಂಪ್ ತಣ್ಣಗಾದರೆ ಸರಿಯಾಗಿ ಸಿಂಪಡಿಸುವುದಿಲ್ಲ, ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಸಕ್ಕರೆ ಅಳೆಯುವ ಹಲವು ಮೀಟರ್‌ಗಳು 10 ಡಿಗ್ರಿಗಿಂತ ಕೆಳಗೆ ಕೆಲಸ ನಿಲ್ಲಿಸುತ್ತವೆ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಸುಳ್ಳು ಲೆಕ್ಕ ಕೊಡುತ್ತದೆ, ಕೈ ಉಜ್ಜಿ ಬಿಸಿಮಾಡಿ ಮತ್ತೆ ಹಾಕಬೇಕು. ಕಿವಿಯ ಯಂತ್ರದ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ, ಗಾಳಿಗೆ ಗೊರಗೊರ ಎನ್ನುತ್ತದೆ. ಊಟದ ಹೊತ್ತಿಗೆ ಹಿನ್ನೆಲೆ ಸಂಗೀತವನ್ನು ಪೂರ್ತಿ ನಿಲ್ಲಿಸಿ. ಕಿವಿ ಮಂದವಾದವರು ಆ ಗದ್ದಲದಲ್ಲಿ ನಗುತ್ತಾ ತಲೆಯಾಡಿಸಿ ಸುಮ್ಮನಾಗುತ್ತಾರೆ, ಬಂದ ಉದ್ದೇಶವೇ ಹಾಳು.

ಸಂಜೆಯ ಹೊತ್ತು ಮದ್ಯ ಕುಡಿದರೆ ಬೆಚ್ಚಗಾದಂತೆ ಅನಿಸುತ್ತದೆ. ನಿಜದಲ್ಲಿ ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಕುಡಿದವರು ಅದೇ ಹುಮ್ಮಸ್ಸಿನಲ್ಲಿ ತೆರೆದ ಜಗಲಿಗೆ ಹೋಗಿ ಕೂರದಂತೆ ನೋಡಿಕೊಳ್ಳಿ. ಯಾರಾದರೂ ಮಾತು ತೊದಲತೊಡಗಿದರೆ, ಶರ್ಟಿನ ಗುಂಡಿ ಹಾಕಲು ತಡಕಾಡಿದರೆ, ಎಡವಿದರೆ, ಕಾರಣವಿಲ್ಲದೆ ಸಿಡುಕಿದರೆ ‘ವಯಸ್ಸಾಯ್ತು’ ಎಂದು ಬಿಡಬೇಡಿ. ಪಾರ್ಶ್ವವಾಯು ಇರಬಹುದು, ದೇಹದ ಉಷ್ಣತೆ ಕುಸಿದಿರಬಹುದು. ಎರಡಕ್ಕೂ ತಕ್ಷಣ ಆಂಬ್ಯುಲೆನ್ಸ್ ಕರೆಯಬೇಕು. ಒಳಮೈ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ, ಆದರೆ ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನ ಗೆರೆಗಳು ಶುರುವಾಗುವುದೇ 35ರಿಂದ. ಕಡಿಮೆ ಅಂಕಿ ತೋರಿಸುವಂಥದ್ದು ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರಲಿ. ಅಂಥವರ ಕೈಕಾಲು ತಿಕ್ಕಬೇಡಿ, ಬಿಸಿನೀರಿನ ಸ್ನಾನ ಬೇಡ, ನಡೆಸಬೇಡಿ. ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಎದೆ, ಕತ್ತು, ತಲೆ ಮುಚ್ಚಿ ಬೆಚ್ಚಗಿಡಿ.

ಬಿರುಗಾಳಿಯ ಮುನ್ಸೂಚನೆ ಬಂದಾಗ, ಯಾರಿಗಾದರೂ ಹಿಂದಿನ ದಿನ ಜ್ವರ ಬಂದಾಗ, ದಿನಾಂಕ ಬದಲಿಸಲು ಅವಕಾಶ ಕೊಡಿ. ಮುಂಗಡ ಹಣ ಹೋಗುತ್ತದೆಂಬ ಭಯಕ್ಕೆ ಕೆಮ್ಮಿಕೊಂಡೇ ಬಂದವರಿಂದ ಮೂರನೆಯ ದಿನಕ್ಕೆ ಅರ್ಧ ಬಸ್ಸು ಕೆಮ್ಮುತ್ತದೆ.

ಕೊನೆಯದಾಗಿ ಎರಡು ಕೋರಿಕೆ. ರೆಸಾರ್ಟಿನವರು ಬುಕಿಂಗ್ ಒಪ್ಪಿಕೊಳ್ಳುವಾಗಲೇ ದೂರದ ಕೋಣೆಯ ಬಿಸಿನೀರಿನ ಉಷ್ಣತೆ, ರಾತ್ರಿಯ ಕೋಣೆಯ ಉಷ್ಣತೆ, ಜನರೇಟರಿನ ಸಾಮರ್ಥ್ಯ, ಹತ್ತಿರದ ಆಸ್ಪತ್ರೆಗೆ ಹಿಡಿಯುವ ಸಮಯ ಇವಿಷ್ಟನ್ನೂ ಬರವಣಿಗೆಯಲ್ಲಿ ಕೊಡಿ. ಸಂಘದವರು ಪ್ರವಾಸ ಮುಗಿದ ಮೇಲೂ ಫೋನ್ ನಂಬರುಗಳ ಪಟ್ಟಿಯನ್ನು ಹರಿದುಹಾಕಬೇಡಿ. ಲೀಜಿಯೊನೆಲ್ಲಾದ ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2ರಿಂದ 14 ದಿನಗಳೊಳಗೆ, ಎಲ್ಲರೂ ಬೇರೆ ಬೇರೆ ಊರು ಸೇರಿದ ಮೇಲೆ. ವಾರಕ್ಕೊಮ್ಮೆಯಂತೆ ಎರಡು ವಾರ ಒಬ್ಬೊಬ್ಬರಿಗೂ ಫೋನ್ ಮಾಡಿ ಜ್ವರ, ಕೆಮ್ಮು, ಏದುಸಿರು ಇದೆಯೇ ಎಂದು ವಿಚಾರಿಸಿ. ಇದೆ ಎಂದವರಿಗೆ ಕೂಡಲೇ ವೈದ್ಯರ ಬಳಿ ಹೋಗಿ ಯಾವ ರೆಸಾರ್ಟಿನಲ್ಲಿ ಯಾವ ದಿನ ತಂಗಿದ್ದೆವೆಂದು ಹೇಳಲು ತಿಳಿಸಿ, ರೆಸಾರ್ಟಿಗೂ ಅಂದೇ ಸುದ್ದಿ ಮುಟ್ಟಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ನಿವೃತ್ತರ ಸಮ್ಮಿಲನ ಪ್ರವಾಸಗಳ ಏರ್ಪಾಟು ನೋಡಿಕೊಳ್ಳುವವರು